ಹಳೆಯ ಹಾಯಿದೋಣಿ ಮಾರಾಟಕ್ಕಿದೆ: ಜಾಹೀರಾತು ಹೇಳುವುದೆಷ್ಟು, ಮರೆಸುವುದೆಷ್ಟು?

ಉದ್ದ ಸುಮಾರು 35 ಅಡಿ, ಅಗಲ 11 ಅಡಿ. ಮಲಗಲು ಹಾಸಿಗೆಗಳು, ಪುಟ್ಟ ಅಡುಗೆಮನೆ, ಶೌಚಾಲಯ, ಡೀಸೆಲ್ ಎಂಜಿನ್, ಸುಸ್ಥಿತಿಯಲ್ಲಿರುವ ಹಾಯಿಗಳು. ಬ್ರಿಟನ್ನಿನ ದೋಣಿ ದಲ್ಲಾಳಿಗಳ ಮೂಲಕ ಮಾರಾಟಕ್ಕೆ ಬರುವ ಹಳೆಯ ‘ರಸ್ಲರ್ 36’ ಹಾಯಿದೋಣಿಯ ವಿವರ ಹೆಚ್ಚುಕಡಿಮೆ ಹೀಗೆ ಆರಂಭವಾಗುತ್ತದೆ. ಓದುವವರಿಗೆ ಅದು ನೀರಿನ ಮೇಲೆ ತೇಲುವ ಮನೆಯಂತೆ ಕಾಣುತ್ತದೆ. ಆದರೆ ಸಾಗರಕ್ಕಿಳಿದವರ ಪ್ರಾಣ ಕಾಯುವ ಭಾಗಗಳಿಗೆ ಈ ಪಟ್ಟಿಯಲ್ಲಿ ಸಿಗುವುದು ಒಂದೆರಡು ಸಾಲು ಮಾತ್ರ.

ಪಂದ್ಯದ ವೇಗಕ್ಕಲ್ಲದೆ, ವಾರಗಟ್ಟಲೆ ಅದರಲ್ಲಿಯೇ ವಾಸಿಸುತ್ತ ದೂರ ಪಯಣಿಸಲು ನಿರ್ಮಿಸಿದ ಹಾಯಿದೋಣಿಗಳನ್ನು ಕ್ರೂಸಿಂಗ್ ದೋಣಿಗಳೆನ್ನುತ್ತಾರೆ. ಫೈಬರ್ ಗ್ಲಾಸ್ ಬಳಕೆ ವ್ಯಾಪಕವಾದ ಮೇಲೆ ಯುರೋಪ್ ಹಾಗೂ ಅಮೆರಿಕದಲ್ಲಿ ಇಂಥ ದೋಣಿಗಳು ಭಾರಿ ಸಂಖ್ಯೆಯಲ್ಲಿ ತಯಾರಾದವು. ಮರದಂತೆ ಕೊಳೆಯದ, ಕಬ್ಬಿಣದಂತೆ ತುಕ್ಕು ಹಿಡಿಯದ ಈ ಒಡಲುಗಳು ದಶಕಗಳ ನಂತರವೂ ಬಳಕೆಯಲ್ಲಿವೆ. ಹಾಗಾಗಿ ಹೊಸ ದೋಣಿಯ ಬೆಲೆಯ ಒಂದು ಅಂಶಕ್ಕೆ ಹಳೆಯದು ದೊರೆಯುತ್ತದೆ. ಕೊಳ್ಳುವವರನ್ನು ಸೆಳೆಯುವುದೂ, ಕೆಲವೊಮ್ಮೆ ಮುಳುಗಿಸುವುದೂ ಇದೇ ಅಗ್ಗದ ಬೆಲೆ.

ಹಳತಾದರೂ ಬೇಡಿಕೆ

ಹಳೆಯದೆಲ್ಲವೂ ಕಳಪೆಯಲ್ಲ ಎಂಬುದಕ್ಕೆ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆ ಸಾಕ್ಷಿ. ಒಬ್ಬರೇ ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತಿಬರಬೇಕಾದ ಈ ಸ್ಪರ್ಧೆಗೆ 1988ಕ್ಕಿಂತ ಮೊದಲು ವಿನ್ಯಾಸಗೊಂಡ, 32ರಿಂದ 36 ಅಡಿ ಉದ್ದದ ದೋಣಿಗಳಿಗೆ ಮಾತ್ರ ಪ್ರವೇಶ. 2018ರಲ್ಲಿ ಆರಂಭವಾದ ಸ್ಪರ್ಧೆಯನ್ನು ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೀಡ್ ತಮ್ಮ 73ನೇ ವಯಸ್ಸಿನಲ್ಲಿ ರಸ್ಲರ್ 36 ದೋಣಿಯಲ್ಲಿ ಗೆದ್ದರು. 2022ರಲ್ಲಿ ಹೊರಟ ಭಾರತದ ನಿವೃತ್ತ ನೌಕಾಧಿಕಾರಿ ಅಭಿಲಾಷ್ ಟೋಮಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ್ದೂ ಇದೇ ಮಾದರಿಯ ‘ಬಯಾನತ್’ ದೋಣಿಯಲ್ಲಿ.

ಈ ಮಾದರಿಯ ಗುಟ್ಟು ಅದರ ತೂಕದಲ್ಲಿದೆ. ದೋಣಿಯ ಒಟ್ಟು ತೂಕ ಸುಮಾರು 7.6 ಟನ್. ಅದರಲ್ಲಿ ಹತ್ತಿರಹತ್ತಿರ 3.4 ಟನ್ ತಳಭಾಗದ ಕೀಲ್‌ನಲ್ಲಿಯೇ ಇರುತ್ತದೆ. ಗಾಳಿ ದೋಣಿಯನ್ನು ಪಕ್ಕಕ್ಕೆ ವಾಲಿಸಿದರೆ ಈ ಭಾರ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಉದ್ದನೆಯ ಕೀಲ್ ದೋಣಿಯನ್ನು ಹಿಡಿದ ದಿಕ್ಕಿನಲ್ಲಿ ನೇರವಾಗಿ ಒಯ್ಯುತ್ತದೆ. ಅದರ ಹಿಂಬದಿಗೆ ಅಂಟಿಕೊಂಡ ಚುಕ್ಕಾಣಿಗೆ ತೇಲುವ ದಿಮ್ಮಿಗಳ ಹೊಡೆತ ಸುಲಭವಾಗಿ ತಾಗುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ವೇಗ ಕಡಿಮೆ, ಬಂದರಿನ ಇಕ್ಕಟ್ಟಿನಲ್ಲಿ ತಿರುಗಿಸುವುದು ಕಷ್ಟ, ಒಳಗಿನ ಜಾಗವೂ ಇಂದಿನ ದೋಣಿಗಳಷ್ಟು ವಿಶಾಲವಲ್ಲ.

ಕೀಲ್ ಕಳಚಿದರೆ

ಎಲ್ಲ ದೋಣಿಗಳ ಕೀಲ್ ಒಂದೇ ಬಗೆಯದಲ್ಲ. ಅನೇಕ ಮಾದರಿಗಳಲ್ಲಿ ಅದನ್ನು ಒಡಲಿಗೆ ಬೋಲ್ಟುಗಳಿಂದ ಜೋಡಿಸಿರುತ್ತಾರೆ. ಈ ಜೋಡಣೆ ಸಡಿಲವಾದರೆ ಏನಾಗುತ್ತದೆಂಬುದನ್ನು 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ದೋಣಿಯ ದುರಂತ ತೋರಿಸಿಕೊಟ್ಟಿತು. ಕೆರಿಬಿಯನ್ ದ್ವೀಪದಿಂದ ಬ್ರಿಟನ್ನಿಗೆ ಮರಳುತ್ತಿದ್ದ ಅದು ಅಟ್ಲಾಂಟಿಕ್ ನಡುವೆ ಮಗುಚಿತು. ಅದರಲ್ಲಿದ್ದ ನಾಲ್ವರೂ ಸಿಗಲೇ ಇಲ್ಲ. ತಲೆಕೆಳಗಾಗಿ ತೇಲುತ್ತಿದ್ದ ಒಡಲು ಪತ್ತೆಯಾದಾಗ ಕೀಲ್ ಕಳಚಿಹೋಗಿತ್ತು, ಜೀವರಕ್ಷಕ ತೆಪ್ಪ ಇಟ್ಟ ಜಾಗದಲ್ಲಿಯೇ ಇತ್ತು. ದೋಣಿ ಹಿಂದೆ ನೆಲಕ್ಕೆ ತಾಗಿದ್ದ ಪ್ರಸಂಗಗಳು ಹಾಗೂ ಆ ಬಳಿಕದ ದುರಸ್ತಿಗಳು ಕೀಲ್ ಜೋಡಣೆಯನ್ನು ದುರ್ಬಲಗೊಳಿಸಿರಬಹುದೆಂದು ತನಿಖಾ ವರದಿ ಹೇಳಿತು. ಆ ದೋಣಿ ತಯಾರಾಗಿ ಆಗಿದ್ದುದು ಕೇವಲ ಎಂಟು ವರ್ಷ.

ಆದುದರಿಂದ ‘ದೋಣಿಗೆ ಎಷ್ಟು ವಯಸ್ಸು?’ ಎಂಬುದಕ್ಕಿಂತ ‘ಎಲ್ಲಿ ತಾಗಿತ್ತು, ಯಾರು ದುರಸ್ತಿ ಮಾಡಿದರು?’ ಎಂಬುದೇ ಮುಖ್ಯ ಪ್ರಶ್ನೆ.

ಮೇಲೆ ಥಳಕು, ಒಳಗೆ ಹುಳುಕು

ಫೈಬರ್ ಗ್ಲಾಸ್‌ಗೆ ತುಕ್ಕು ಹಿಡಿಯದಿದ್ದರೂ ರೋಗವಿಲ್ಲವೆಂದಲ್ಲ. ವರ್ಷಗಟ್ಟಲೆ ನೀರಿನಲ್ಲಿ ನಿಂತ ಒಡಲಿನೊಳಗೆ ನೀರು ನಿಧಾನವಾಗಿ ಇಳಿದು ಗುಳ್ಳೆಗಳೇಳುತ್ತವೆ. ಇದಕ್ಕೆ ‘ಆಸ್ಮಾಸಿಸ್’ ಎಂದು ಹೆಸರು. ತೀವ್ರವಾದ ಸಂದರ್ಭಗಳಲ್ಲಿ ಹೊರಪದರವನ್ನು ಹೆರೆದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಬಳಿಯಬೇಕಾಗುತ್ತದೆ. ಹೊಸ ಬಣ್ಣ ಈ ಗುಳ್ಳೆಗಳನ್ನು ತಾತ್ಕಾಲಿಕವಾಗಿ ಮುಚ್ಚಬಲ್ಲದು.

ಡೆಕ್‌ನ ಸ್ಥಿತಿಯೂ ಹಾಗೆಯೇ. ಅನೇಕ ದೋಣಿಗಳ ಡೆಕ್‌ನಲ್ಲಿ ಎರಡು ಫೈಬರ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿರುತ್ತದೆ. ಸ್ಕ್ರೂ ರಂಧ್ರದ ಮೂಲಕ ನೀರಿಳಿದರೆ ಅದು ಕೊಳೆಯುತ್ತದೆ. ಅನುಭವಿಗಳು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಮಂಕಾದೆಡೆ ಗುರುತು ಹಾಕುತ್ತಾರೆ.

ಹಾಯಿಗಂಬವನ್ನು ಎಳೆದು ನಿಲ್ಲಿಸುವ ಉಕ್ಕಿನ ತಂತಿಗಳು ಮೂರನೆಯ ಮರ್ಮಸ್ಥಾನ. ಹೊರಗೆ ಹೊಳೆಯುವ ಸ್ಟೇನ್‌ಲೆಸ್ ಉಕ್ಕು ಜೋಡಣೆಯ ಸಂದಿಗಳಲ್ಲಿ ಒಳಗಿಂದೊಳಗೆ ಸವೆಯುತ್ತದೆ. ಹತ್ತು-ಹದಿನೈದು ವರ್ಷಕ್ಕೊಮ್ಮೆ ಇವನ್ನು ಬದಲಿಸುವುದು ರೂಢಿ. ಹಲವು ವಿಮಾ ಸಂಸ್ಥೆಗಳೂ ಇದನ್ನು ವಿಚಾರಿಸುತ್ತವೆ. ಕಂಬ ಮುರಿದವರ ಪಾಡೇನೆಂಬುದು ಅಭಿಲಾಷ್ ಟೋಮಿ ಅವರಿಗೆ ಗೊತ್ತು. 2018ರ ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಅವರ ‘ತುರಿಯಾ’ ದೋಣಿಯ ಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ, ಮೂರು ದಿನಗಳ ಬಳಿಕ ಫ್ರೆಂಚ್ ಹಡಗೊಂದು ಅವರನ್ನು ರಕ್ಷಿಸಿತು. ಗೋವಾದಲ್ಲಿ ನಿರ್ಮಾಣಗೊಂಡಿದ್ದ ಆ ದೋಣಿ ಹೊಚ್ಚಹೊಸದು. ಹೊಸ ಕಂಬವೇ ಉಳಿಯದ ಸಮುದ್ರದಲ್ಲಿ ಸವೆದ ತಂತಿಯನ್ನು ನಂಬಿ ಹೋಗುವುದು ಎಂಥ ಸಾಹಸವೆಂದು ಊಹಿಸಬಹುದು.

ಎಂಜಿನ್, ಬ್ಯಾಟರಿ, ಒಲೆ, ಹಾಯಿಗಳ ದೋಷ ಕಣ್ಣಿಗೆ ಬೀಳುತ್ತದೆ, ಬದಲಿಯೂ ಸಿಗುತ್ತದೆ. ಜಾಹೀರಾತಿನಲ್ಲಿ ಇವುಗಳಿಗೇ ಹೆಚ್ಚು ಸಾಲುಗಳು ಮೀಸಲು.

ಕೊಳ್ಳುವ ಕ್ರಮ

ಬ್ರಿಟನ್ನಿನಲ್ಲಿ ಹಳೆಯ ದೋಣಿ ಕೊಳ್ಳಲು ಒಂದು ರೂಢಿಯಿದೆ. ಬೆಲೆ ಒಪ್ಪಿಗೆಯಾದ ಬಳಿಕ ಸಾಮಾನ್ಯವಾಗಿ ಶೇ 10ರಷ್ಟು ಮುಂಗಡ ಕೊಡುತ್ತಾರೆ. ನಂತರ ಕೊಳ್ಳುವವರದೇ ಖರ್ಚಿನಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿ, ದೋಣಿಗಳ ತಪಾಸಣೆಯಲ್ಲಿ ಪಳಗಿದ ಸರ್ವೆಯರ್ ಒಬ್ಬರಿಂದ ಪರೀಕ್ಷೆ ಮಾಡಿಸುತ್ತಾರೆ. ದೊಡ್ಡ ದೋಷ ಹೊರಬಿದ್ದರೆ ಬೆಲೆ ಇಳಿಸುವಂತೆ ಕೇಳಬಹುದು, ಇಲ್ಲವೇ ವ್ಯವಹಾರದಿಂದ ಹಿಂದೆ ಸರಿಯಬಹುದು. ಒಡೆತನದ ದಾಖಲೆ, ತೆರಿಗೆ ಪಾವತಿಯ ಪುರಾವೆ, ದೋಣಿಯ ಮೇಲೆ ಸಾಲವಿದೆಯೇ ಎಂಬ ಪರಿಶೀಲನೆಯೂ ಅಷ್ಟೇ ಅಗತ್ಯ.

ಖರೀದಿಯೊಂದಿಗೆ ಖರ್ಚು ಮುಗಿಯದು. ದೋಣಿಯ ಬೆಲೆಯ ಶೇ 10ರಷ್ಟನ್ನು ಪ್ರತಿವರ್ಷ ನಿರ್ವಹಣೆಗೆ ತೆಗೆದಿಡಬೇಕೆಂಬುದು ನಾವಿಕರ ಸ್ಥೂಲ ಲೆಕ್ಕ. ದೋಣಿ ಅಗ್ಗಕ್ಕೆ ಸಿಕ್ಕಿದ್ದರೆ ಈ ಲೆಕ್ಕವೂ ಸಾಲದು. ಹಾಯಿ, ತಂತಿ, ಎಂಜಿನ್‌ಗಳ ಬೆಲೆ ಹಳೆಯ ದೋಣಿಗೊಂದು, ಹೊಸ ದೋಣಿಗೊಂದು ಎಂದಿಲ್ಲ.

ಕಾಳಜಿಯಿಂದ ನೋಡಿಕೊಂಡ ದೋಣಿ ಎಷ್ಟು ಬಾಳುತ್ತದೆ ಎಂಬುದಕ್ಕೆ ಮುಂಬೈನಲ್ಲಿ 1960ರ ದಶಕದಲ್ಲಿ ತೇಗದ ಮರದಿಂದ ನಿರ್ಮಿಸಿದ ‘ಸುಹೈಲಿ’ಯೇ ಉದಾಹರಣೆ. 32 ಅಡಿಯ ಆ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ 312 ದಿನಗಳ ಕಾಲ ಎಲ್ಲಿಯೂ ತಂಗದೆ ಏಕಾಂಗಿಯಾಗಿ ಭೂಮಿ ಸುತ್ತಿದ ಮೊದಲಿಗರಾದರು. ಹಲವು ದುರಸ್ತಿಗಳನ್ನು ಕಂಡು ದಶಕಗಳ ನಂತರವೂ ‘ಸುಹೈಲಿ’ ನೀರಿಗಿಳಿದಿದೆ. ಹಳೆಯ ದೋಣಿ ಕೊಳ್ಳುವವರು ಮೊದಲು ಕೇಳಬೇಕಾದುದು ಆ ದುರಸ್ತಿಗಳ ಕಡತವನ್ನೇ.