ಎದೆ ಉರಿಯ ಮದ್ದು, ಕೊಲೆಸ್ಟ್ರಾಲ್ ಮಾತ್ರೆ: ನಡುವೆ ಎರಡು ಗಂಟೆ ಇರಲಿ

ಮದುವೆ ಮನೆಯ ಬಿರಿಯಾನಿ ಉಂಡು ರಾತ್ರಿ ಮನೆ ಸೇರಿದರೆ ನಮ್ಮಲ್ಲಿ ಅನೇಕರಿಗೆ ಎದೆ ಉರಿ ಶುರು. "ಉಮ್ಮಾ, ಗ್ಯಾಸಿನ ಮದ್ದಿನ ಬಾಟ್ಲಿ ಎಲ್ಲುಂಟು?" ಎಂದು ಕೇಳಿ ಎರಡು ಚಮಚ ಕುಡಿಯುತ್ತೇವೆ. ಅದರ ಬೆನ್ನಿಗೇ ಡಾಕ್ಟರು ಬರೆದುಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನೂ ನುಂಗಿ ಮಲಗುತ್ತೇವೆ. ಎರಡೂ ಮದ್ದೇ ಅಲ್ವಾ, ಒಟ್ಟಿಗೆ ತಗೊಂಡ್ರೆ ಏನಾಗ್ತದೆ ಎಂಬುದು ನಮ್ಮ ಲೆಕ್ಕ.

ಆದರೆ ಆಗುವುದುಂಟು. ಡೈಜಿನ್, ಜೆಲುಸಿಲ್‌ನಂತಹ ಆಂಟಾಸಿಡ್‌ಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುತ್ತದೆ. ರೋಸುವಾಸ್ಟಾಟಿನ್ ಮಾತ್ರೆಯ ಜೊತೆಗೇ ಇದನ್ನು ಕುಡಿದರೆ ರಕ್ತಕ್ಕೆ ಸೇರುವ ಮದ್ದಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದುಡ್ಡು ಕೊಟ್ಟದ್ದು ಇಡೀ ಮಾತ್ರೆಗೆ, ಮೈಗೆ ಹಿಡಿದದ್ದು ಅರ್ಧ. ಪರಿಹಾರ ಸುಲಭ: ಮೊದಲು ಕೊಲೆಸ್ಟ್ರಾಲ್ ಮಾತ್ರೆ, ಕನಿಷ್ಠ 2 ಗಂಟೆ ಕಳೆದ ಮೇಲೆ ಆಂಟಾಸಿಡ್.

ಅಟೋರ್ವಾಸ್ಟಾಟಿನ್ ತಿನ್ನುವವರಲ್ಲಿ ಇಳಿಕೆ ಸುಮಾರು ಶೇ. 35. ಆದರೂ ಕೆಟ್ಟ ಕೊಲೆಸ್ಟ್ರಾಲ್ ಇಳಿಸುವ ಅದರ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳಿಂದ ಸಾಮಾನ್ಯವಾಗಿ ಈ ತಕರಾರು ಇಲ್ಲ. ಹಾಗೆಂದು ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ಅದನ್ನೇ ನುಂಗುತ್ತಾ ಇರಬಾರದು.

ರಂಝಾನ್ ತಿಂಗಳಲ್ಲಿ ಇನ್ನೂ ಜಾಗ್ರತೆ ಬೇಕು. ಇಫ್ತಾರ್‌ಗೆ ಕರಿದದ್ದು ತಿಂದು ಎದೆ ಉರಿದಾಗ ಮದ್ದುಗಳೆಲ್ಲ ರಾತ್ರಿಯ ಕೆಲವೇ ಗಂಟೆಗಳಲ್ಲಿ ಒಟ್ಟು ಸೇರುತ್ತವೆ. ರೋಸುವಾಸ್ಟಾಟಿನನ್ನು ದಿನದ ಯಾವ ಹೊತ್ತಿಗೂ ತಗೊಳ್ಳಬಹುದು. ಹಾಗಾಗಿ ಅದನ್ನು ಸಹರಿಗೆ ಬದಲಾಯಿಸಬಹುದಾ ಎಂದು ಡಾಕ್ಟರಲ್ಲಿ ಕೇಳಿ ನೋಡೋಣ. ಎದೆ ಉರಿ ಬಂತೆಂದು ಕೊಲೆಸ್ಟ್ರಾಲ್ ಮಾತ್ರೆಯನ್ನು ನಾವೇ ನಿಲ್ಲಿಸುವುದು ಮಾತ್ರ ಬೇಡ.

ಕೊನೆಗೊಂದು ಮಾತು. ಎದೆಯ ಉರಿಯೆಲ್ಲ ಗ್ಯಾಸ್ ಅಲ್ಲ. ಕೊಲೆಸ್ಟ್ರಾಲ್ ಇರುವವರಿಗೆ ಎದೆ ಬಿಗಿದು, ಬೆವರು ಬಂದು, ನೋವು ಕೈಗೋ ದವಡೆಗೋ ಹಬ್ಬಿದರೆ, ಉಸಿರು ಕಟ್ಟಿದರೆ, ಬಾಟ್ಲಿ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. "ಬೆಳಿಗ್ಗೆ ನೋಡುವ" ಎಂದು ಕಾದು ಜೀವಕ್ಕೇ ಕುತ್ತು ತಂದುಕೊಂಡವರುಂಟು.

ಇನ್ನು ಮೆಡಿಕಲ್ ಶಾಪಿಗೆ ಗ್ಯಾಸಿನ ಮದ್ದಿಗೆ ಹೋದಾಗ, ಬಾಪನೋ ಉಮ್ಮನೋ ತಿನ್ನುವ ಬೇರೆ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಕೊಂಡುಹೋಗೋಣ. ತೋರಿಸಿ ಕೇಳಲು ಎರಡೇ ನಿಮಿಷ ಸಾಕು.