ಸೊರಗುವ ಮೆಣಸಿನ ಬಳ್ಳಿ

ಬೆಳ್ಳಾರೆಯ ಸುತ್ತಿನ ಅಡಕೆ ತೋಟಗಳನ್ನು ಹೊಕ್ಕವರಿಗೆ, ಕಂಗನ್ನು ತಬ್ಬಿ ಮೇಲೇರಿದ ಕಾಳುಮೆಣಸಿನ ಬಳ್ಳಿ ಪರಿಚಿತ ನೋಟ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದುದು ಈ ಕಪ್ಪು ಕಾಳಿನಿಂದಾಗಿಯೇ. ಅಡಕೆಯ ಧಾರಣೆ ಕುಸಿದ ವರ್ಷ ಮನೆಯ ಮರ್ಯಾದೆ ಕಾಯುವುದೂ ಈ ಬಳ್ಳಿಯೇ. ನೆಟ್ಟು ಮೂರು ನಾಲ್ಕು ವರ್ಷ ಕಾದ ಮೇಲೆ ಫಲಕ್ಕೆ ಬರುವ ಇಂಥ ಬಳ್ಳಿ ಮಳೆಗಾಲದ ಎರಡು ಮೂರು ವಾರಗಳಲ್ಲಿಯೇ ಎಲೆಯುದುರಿಸಿ, ಗಂಟು ಗಂಟಾಗಿ ಕಳಚಿ, ಒಣಗಿಬಿಡುವುದುಂಟು. ಇದೇ ಶೀಘ್ರ ಸೊರಗು ರೋಗ.

ಸೊರಗುವುದು ಎಲೆಯಾದರೂ ಮೊದಲು ಸಾಯುವುದು ಬೇರು ಮತ್ತು ಬುಡ. ಇದಕ್ಕೆ ಕಾರಣವಾದ ಜೀವಿ ಫೈಟಾಫ್ತೊರ. 1876ರಲ್ಲಿ ಜರ್ಮನಿಯ ಡಿ ಬಾರಿ ಎಂಬ ವಿಜ್ಞಾನಿ ಈ ಕುಲಕ್ಕಿಟ್ಟ ಹೆಸರಿಗೆ ಗ್ರೀಕಿನಲ್ಲಿ ‘ಗಿಡಗಳ ವಿನಾಶಕ’ ಎಂದರ್ಥ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಮಹಾಕ್ಷಾಮವನ್ನು ತಂದುದು ಇದೇ ಕುಲ. ನಮ್ಮ ಅಡಕೆಯ ಕೊಳೆರೋಗವೂ ಇದರ ದಾಯಾದಿಯೇ. ರೂಢಿಯಲ್ಲಿ ಶಿಲೀಂಧ್ರವೆಂದರೂ, ಇಂದಿನ ವಿಜ್ಞಾನ ಇದನ್ನು ಕಂದು ಪಾಚಿಗಳ ನೆಂಟನೆಂದು ಗುರುತಿಸಿದೆ. ಆ ನೆಂಟಸ್ತನ ಸುಮ್ಮನೆ ಬಂದುದಲ್ಲ: ಇದರ ಬೀಜಕಣಗಳಿಗೆ ಬಾಲದಂಥ ಎರಡೆರಡು ಎಳೆಗಳಿದ್ದು, ಅವು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಹುಡುಕಿ ಸೇರುತ್ತವೆ. ಆಷಾಢದ ಮಳೆ ನಮಗೆ ಕಾವ್ಯವಾದರೆ ಅವಕ್ಕೆ ಹೆದ್ದಾರಿ.

ಆದುದರಿಂದ ಎಲೆ ಬಾಡಿದ ಮೇಲೆ ಮದ್ದು ಹುಡುಕುವುದರಿಂದ ಆ ಬಳ್ಳಿಗೆ ಪ್ರಯೋಜನವಾಗದು. ನೆಲದಲ್ಲಿ ಹರಿದ ಹಂಬುಗಳ ಎಳೆಯ ಎಲೆಗಳಲ್ಲಿ ಮೂಡುವ ಕಪ್ಪು ಚುಕ್ಕೆಯೇ ಮೊದಲ ಎಚ್ಚರಿಕೆ. ಮುಂಗಾರಿಗೆ ಮೊದಲೇ ಆ ಹಂಬುಗಳನ್ನು ಕತ್ತರಿಸಬೇಕು ಅಥವಾ ಮೇಲಕ್ಕೆತ್ತಿ ಕಟ್ಟಬೇಕು, ಬುಡದಲ್ಲಿ ನೀರು ನಿಲ್ಲದಂತೆ ಕಣಿ ತೆಗೆಯಬೇಕು, ನೆರಳನ್ನು ತಗ್ಗಿಸಬೇಕು. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಎಲೆಗಳಿಗೆ ಸಿಂಪಡಿಸಿ, ಶೇಕಡಾ 0.2ರ ತಾಮ್ರದ ಆಕ್ಸಿಕ್ಲೋರೈಡನ್ನು ಬುಡಕ್ಕೆ ಹೊಯ್ಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು—ಇದು ಬೋರ್ಡೋವಿನ ಲೆಕ್ಕ. ಬೇವಿನ ಹಿಂಡಿಯೊಡನೆ ಬುಡಕ್ಕೆ ಸೇರಿಸುವ ಟ್ರೈಕೋಡರ್ಮವೆಂಬ ಮಿತ್ರ ಶಿಲೀಂಧ್ರವೂ ಉಪಕಾರಿ. ಆದರೆ ತಾಮ್ರ ಅದನ್ನೂ ಕೊಲ್ಲುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು. ನೀರಿನ ಅನುಕೂಲವುಳ್ಳವರು, ಈ ರೋಗಕ್ಕೆ ಮಣಿಯದ ಬ್ರೆಜಿಲಿನ ಕಾಡುಹಿಪ್ಪಲಿಯ ಬುಡಕ್ಕೆ ಮೆಣಸನ್ನು ಕಸಿಕಟ್ಟುವುದೂ ಉಂಟು.

ಇಷ್ಟೆಲ್ಲ ಮಾಡಿದರೂ ಒಂದು ಸಂಗತಿ ಉಳಿಯುತ್ತದೆ. ನಮ್ಮ ಕಡೆಯ ತೋಟಗಳು ಗುಡ್ಡದ ಇಳಿಜಾರಿನಲ್ಲಿ ಒಂದರ ಕೆಳಗೊಂದು ಮಲಗಿವೆ. ಮೇಲಿನವನು ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡದೆ ಬಿಟ್ಟರೆ, ಅವನ ಕಣಿಯ ನೀರು ಕೆಳಗಿನವನ ಬಳ್ಳಿಗೆ ಮೃತ್ಯುವನ್ನು ಹೊತ್ತು ತರುತ್ತದೆ. ಜಮೀನಿಗೆ ಬೇಲಿಯುಂಟು, ಪಹಣಿಯುಂಟು. ನೀರಿಗೆ ಅವಾವುದೂ ತಿಳಿಯದು. ಮದ್ದನ್ನು ಒಬ್ಬೊಬ್ಬರೇ ಕೊಳ್ಳಬಹುದು, ಆರೋಗ್ಯವನ್ನು ಮಾತ್ರ ನೆರೆಹೊರೆ ಕೂಡಿಯೇ ಬೆಳೆಯಬೇಕೆಂದು ನಾನು ನಂಬಿದ್ದೇನೆ.