ಸೊನ್ನೆ ಒಂದುಗಳಲ್ಲಿ ಅಡಗಿದ ಊರಿನ ಹೆಸರು



ಗಣಕಯಂತ್ರದಲ್ಲಿ ನೀವು ‘ಕನಕಪುರ’ ಎಂದು ಟೈಪು ಮಾಡಿದರೆ ಪರದೆಯ ಮೇಲೆ ಕನ್ನಡ ಅಕ್ಷರಗಳು ಮೂಡುತ್ತವೆ. ಆದರೆ ಯಂತ್ರಕ್ಕೆ ‘ಕ’ ಎಂಬ ಅಕ್ಷರದ ಪರಿಚಯವೇ ಇಲ್ಲ. ಅದು ಗುರುತಿಸಬಲ್ಲದ್ದು ಎರಡೇ ಸ್ಥಿತಿಗಳನ್ನು. ಅವನ್ನು ನಾವು 0 ಮತ್ತು 1 ಎಂದು ಬರೆಯುತ್ತೇವೆ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಲಾಗಿದೆ. 1991ರಲ್ಲಿ ಮೊದಲ ಆವೃತ್ತಿ ಹೊರಬಂದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಅದರಲ್ಲಿ ರಾಮನಗರದ ‘ರ’ 3248, ಚನ್ನಪಟ್ಟಣದ ‘ಚ’ 3226, ಕನಕಪುರದ ‘ಕ’ 3221, ಮಾಗಡಿಯ ‘ಮ’ 3246.

ಈ 3221ನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ 110010010101 ಆಗುತ್ತದೆ. ಇದನ್ನು ಮತ್ತೆ ದಶಮಾನಕ್ಕೆ ತರುವುದು ಹೇಗೆ?

ಇದಕ್ಕೆ ನಿಮ್ಮ ಅಜ್ಜ ಅಜ್ಜಿಯರ ಕಾಲದ ನಾಣ್ಯಗಳನ್ನು ನೆನೆಯೋಣ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬರುವ ಮುನ್ನ ಒಂದು ರೂಪಾಯಿಗೆ 16 ಆಣೆ. ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ, ರೂಪಾಯಿ – ಒಂದಕ್ಕಿಂತ ಮುಂದಿನದು ಎರಡರಷ್ಟು. ಸಂತೆಯಲ್ಲಿ ಹನ್ನೊಂದು ಆಣೆ ಕೊಡಬೇಕಾದಾಗ ಎಂಟಾಣೆ ಒಂದು, ಎರಡಾಣೆ ಒಂದು, ಒಂದಾಣೆ ಒಂದು ಕೊಟ್ಟರೆ ಸಾಕು, ನಾಲ್ಕಾಣೆ ಬೇಕಿಲ್ಲ. ದೊಡ್ಡ ನಾಣ್ಯದಿಂದ ಆರಂಭಿಸಿ, ಕೊಟ್ಟಿದ್ದಕ್ಕೆ 1, ಕೊಡದ್ದಕ್ಕೆ 0 ಎಂದು ಬರೆಯಿರಿ: 1011. ಇದೇ ಹನ್ನೊಂದರ ದ್ವಿಮಾನ ರೂಪ! ಬಲತುದಿಯಿಂದ ಎಡಕ್ಕೆ ಸ್ಥಾನಬೆಲೆಗಳು 1, 2, 4, 8 ಎಂದು ಇಮ್ಮಡಿಸುತ್ತಾ ಹೋಗುತ್ತವೆ ಎಂಬುದನ್ನು ಗಮನಿಸಿ.

ಕ್ರಮವಿಧಿ ಬರೆಯುವವರಿಗೆ ಇನ್ನೂ ಸುಲಭದ ದಾರಿಯೊಂದಿದೆ. ಅದರ ಹಂತಗಳು ಹೀಗಿವೆ:

1. ಮೊತ್ತವನ್ನು 0 ಎಂದಿಟ್ಟುಕೊಳ್ಳಿ.
2. ಎಡತುದಿಯ ಅಂಕಿಯಿಂದ ಆರಂಭಿಸಿ.
3. ಮೊತ್ತವನ್ನು ಇಮ್ಮಡಿಸಿ, ಆ ಅಂಕಿಯನ್ನು ಕೂಡಿಸಿ.
4. ಅಂಕಿಗಳು ಮುಗಿಯುವವರೆಗೆ ಮೂರನೆಯ ಹಂತವನ್ನು ಪುನರಾವರ್ತಿಸಿ.

1011ಕ್ಕೆ ಮೊತ್ತ 1, 2, 5, 11 ಎಂದು ಬೆಳೆಯುತ್ತದೆ. ‘ಕ’ ಅಕ್ಷರದ ಹನ್ನೆರಡು ಅಂಕಿಗಳಿಗೆ 1, 3, 6, 12, 25, 50, 100, 201, 402, 805, 1610, 3221. ಉತ್ತರ ಸರಿಹೋಯಿತಲ್ಲವೇ? ಇಮ್ಮಡಿಸುವುದೇಕೆ ಎಂದರೆ, ಬಲಕ್ಕೆ ಹೊಸ ಅಂಕಿಯೊಂದು ಸೇರಿದಾಗ ಹಳೆಯ ಅಂಕಿಗಳೆಲ್ಲ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಅವುಗಳ ಬೆಲೆ ಎರಡರಷ್ಟಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಿ ಭಾಷೆಯ ಅನೇಕ ಪಾಠಗಳಲ್ಲಿ ದ್ವಿಮಾನ ಸಂಖ್ಯೆಯನ್ನು ಪೂರ್ಣಾಂಕವಾಗಿಯೇ ಓದಿಸಿಕೊಂಡು, 10ರಿಂದ ಭಾಗಿಸಿ, ಶೇಷವನ್ನು ಒಂದೊಂದಾಗಿ ತೆಗೆಯುವ ಕ್ರಮವಿದೆ. ಆಗ ಯಂತ್ರವು 1011ನ್ನು ‘ಸಾವಿರದ ಹನ್ನೊಂದು’ ಎಂದೇ ತಿಳಿಯುತ್ತದೆ. ಸಣ್ಣ ಸಂಖ್ಯೆಗಳಿಗೆ ತೊಂದರೆಯಿಲ್ಲ. ಆದರೆ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಹತ್ತು ಅಂಕಿಯ ದ್ವಿಮಾನ ಸಂಖ್ಯೆ ಇದರೊಳಗೆ ಹಿಡಿಸುತ್ತದೆ, 1ರಿಂದ ಆರಂಭವಾಗುವ ಹನ್ನೊಂದು ಅಂಕಿಯದು ಹಿಡಿಸುವುದಿಲ್ಲ. ನಮ್ಮ ‘ಕ’ಗೆ ಬೇಕಾದದ್ದು ಹನ್ನೆರಡು ಅಂಕಿ! ಹೀಗಾಗಿ 10, 101 ಎಂದು ಪರೀಕ್ಷಿಸಿದಾಗ ಸರಿಯಾಗಿ ನಡೆದ ಕ್ರಮವಿಧಿ, ಒಂದೇ ಒಂದು ಕನ್ನಡ ಅಕ್ಷರ ಬಂದಾಗ ಸೋಲುತ್ತದೆ. ತಪ್ಪಾಗಿದೆ ಎಂದು ಅದು ನಿಮಗೆ ಹೇಳಬೇಕೆಂದೂ ಇಲ್ಲ.

ಪರಿಹಾರ ಸರಳವಾಗಿದೆ. ದ್ವಿಮಾನ ಸಂಖ್ಯೆಯನ್ನು ಅಕ್ಷರಮಾಲೆಯಾಗಿ ಓದಿಸಿಕೊಳ್ಳಿ. ಆಗ ‘0’ ಮತ್ತು ‘1’ ಕೂಡ ಅಕ್ಷರಗಳೇ. ಅವುಗಳ ಸಂಕೇತ ಸಂಖ್ಯೆಗಳು 48 ಮತ್ತು 49. ಪ್ರತಿಯೊಂದರಿಂದ 48 ಕಳೆದರೆ ನಿಜವಾದ ಅಂಕಿ ಸಿಗುತ್ತದೆ. ಅದಕ್ಕೆ ಮೇಲಿನ ಇಮ್ಮಡಿ ವಿಧಾನವನ್ನು ಅನ್ವಯಿಸಿ. ಪೈಥಾನ್ ಭಾಷೆಯಲ್ಲಂತೂ ‘ಇಂಟ್’ ಎಂಬ ಸಿದ್ಧ ಕಾರ್ಯವೇ ಇದೆ. ಅದಕ್ಕೆ ಅಕ್ಷರಮಾಲೆಯನ್ನೂ ಆಧಾರಸಂಖ್ಯೆ 2ನ್ನೂ ಕೊಟ್ಟರೆ ಉತ್ತರ ದೊರೆಯುತ್ತದೆ. ‘೧೦೧೧’ ಎಂದು ಕನ್ನಡ ಅಂಕಿಗಳಲ್ಲಿ ಕೊಟ್ಟರೂ ಅದು 11 ಎಂದೇ ಹೇಳುತ್ತದೆ. ಆದರೂ ಸಿದ್ಧ ಕಾರ್ಯವನ್ನು ಬಳಸುವ ಮೊದಲು ಒಮ್ಮೆ ನೀವೇ ಹಂತಹಂತವಾಗಿ ಬರೆದು ನೋಡುವುದು ಒಳ್ಳೆಯದು. ಒಳಗಿನ ಲೆಕ್ಕ ತಿಳಿದವರಿಗೆ ಮಾತ್ರ, ಉತ್ತರ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕಲು ಸಾಧ್ಯ.

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. 110010101110 – ಇದು ಮೇಲೆ ಹೇಳಿದ ನಾಲ್ಕು ಊರುಗಳಲ್ಲಿ ಯಾವುದರ ಮೊದಲ ಅಕ್ಷರ? ಹನ್ನೆರಡು ಸಲ ಇಮ್ಮಡಿಸಿ ಕೂಡಿಸಿದರೆ ಊರು ತಾನಾಗಿಯೇ ಸಿಗುತ್ತದೆ. ಬಳಿಕ ನಿಮ್ಮ ಹೆಸರಿನ ಮೊದಲ ಅಕ್ಷರದ ಸಂಖ್ಯೆಯನ್ನು ಪತ್ತೆಮಾಡಿ, ಅದನ್ನು ದ್ವಿಮಾನದಲ್ಲಿ ಬರೆದು ಗೆಳೆಯರಿಗೆ ಕೊಡಿ. ಅವರು ಬಿಡಿಸಲಿ, ನೋಡೋಣ.